ಹಳೇ ಕೋಳಿ ಗುಂಪಿಗೆ ಎಳೆ ಹೇಂಟೆಗಳನ್ನು ಸೇರಿಸಿದ ಬಗೆ

ಹೊಸ ಹೇಂಟೆಗಳನ್ನು ತಂದವರೆಲ್ಲ ಕೇಳುವುದು ಒಂದೇ: ಜಗಳ ಆಗದ ಹಾಗೆ ಹಳೇ ಗುಂಪಿಗೆ ಹೇಗೆ ಸೇರಿಸುವುದು? ಜಗಳ ಆಗೇ ಆಗುತ್ತದೆ. ಅದನ್ನು ಪೂರ್ತಿ ತಪ್ಪಿಸಲು ನಾನು ಹೋಗುವುದೇ ಇಲ್ಲ. ಹೊಸ ಕೋಳಿಗೆ ಹೊಟ್ಟೆ ತುಂಬ ಮೇವು ಸಿಗಬೇಕು, ಕುಕ್ಕಲು ಬಂದಾಗ ಓಡಲು ದಾರಿ ಇರಬೇಕು. ಇವೆರಡನ್ನು ನಾವು ನೋಡಿಕೊಂಡರೆ ಉಳಿದದ್ದನ್ನು ಕೋಳಿಗಳೇ ಬಗೆಹರಿಸಿಕೊಳ್ಳುತ್ತವೆ. ನಾನು ಕಂಡ ಹಾಗೆ, ಕುಕ್ಕಿಸಿಕೊಂಡು ಹೋಗುವ ಕೋಳಿಗಿಂತ ಹೆದರಿ ಮೇವಿನ ಹತ್ತಿರ ಸುಳಿಯದೆ ಸೊರಗಿ ಹೋಗುವ ಕೋಳಿಯೇ ಜಾಸ್ತಿ.

ನಮ್ಮದು ತಿಪಟೂರು ಕಡೆಯ ಹಿತ್ತಲು. ಹಳೇ ಗುಂಪೆಲ್ಲ ನಾಟಿ ಹೇಂಟೆಗಳು, ಜೊತೆಗೊಂದು ಹುಂಜ. ಹೊಸದಾಗಿ ತಂದವು ಗಿರಿರಾಜ, ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ತಳಿ. ಮೈ ಭಾರ, ಸ್ವಭಾವ ಸಾಧು. ದೊಡ್ಡ ಮೈ ಇದೆಯಲ್ಲ, ನಾಟಿಗಳನ್ನು ಇವೇ ಹೆದರಿಸುತ್ತವೆ ಅಂದುಕೊಳ್ಳುವವರು ಬಹಳ. ಹಾಗಾಗುವುದಿಲ್ಲ. ಗುಂಪಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ತೂಕದ ಮೇಲೆ ಮಾತ್ರ ನಿಂತಿಲ್ಲ. ವಯಸ್ಸು, ಧೈರ್ಯ, ಆ ಜಾಗದಲ್ಲಿ ಎಷ್ಟು ಕಾಲದಿಂದ ಇದೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್ ಎಬ್ಬೆ ಅನ್ನುವವರು ಚಿಕ್ಕ ಹುಡುಗನಾಗಿದ್ದಾಗಿನಿಂದ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಅಂತ ಕೂತು ಬರೆದಿಟ್ಟುಕೊಳ್ಳುತ್ತಿದ್ದರು. 1920ರ ದಶಕದ ಶುರುವಿನಲ್ಲಿ ಅವರು ಈ ಮೇಲು ಕೀಳಿನ ಸಾಲನ್ನು ಲೋಕಕ್ಕೆ ತಿಳಿಸಿದರು. ಹಿತ್ತಲಿನಲ್ಲಿ ಒಂದು ಬೆಳಗ್ಗೆ ಸುಮ್ನೆ ಕೂತು ನೋಡಿದರೆ ನಿಮಗೂ ಅದು ಕಾಣುತ್ತದೆ. ಹೊಸ ಕೋಳಿ ಬಂತು ಅಂದರೆ ಇಡೀ ಸಾಲು ಅಲುಗಾಡಿ ಮತ್ತೆ ಕೂರಬೇಕು.

ಸೇರಿಸುವ ಮಾತು ಆಮೇಲೆ. ಮೊದಲು ದೂರ ಇಡುವುದು. ತಂದ ಕೋಳಿ ನೋಡಲು ಎಷ್ಟೇ ಚೆನ್ನಾಗಿರಲಿ, ಮೂರ್ನಾಲ್ಕು ವಾರ ಮನೆಯ ಇನ್ನೊಂದು ಮಗ್ಗುಲಲ್ಲಿ ಬೇರೆಯೇ ಇಡುತ್ತೇನೆ. ನೆಗಡಿಯಂಥ ಕೆಲವು ರೋಗಗಳನ್ನು ಕೋಳಿ ಒಳಗಿಟ್ಟುಕೊಂಡು ಆರಾಮಾಗಿ ಓಡಾಡುತ್ತಿರುತ್ತದೆ. ಪ್ರಯಾಣದ ಸುಸ್ತಿಗೆ, ಜಾಗ ಬದಲಾದ ಗಾಬರಿಗೆ ಅದು ಹೊರಗೆ ಬರುತ್ತದೆ. ಸೀನು, ಗೊರಗೊರ ಸದ್ದು, ಕಣ್ಣಲ್ಲಿ ನೊರೆ, ಹಿಕ್ಕೆಯಲ್ಲಿ ರಕ್ತ, ಇವನ್ನೆಲ್ಲ ದಿನಾ ನೋಡಬೇಕು. ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ಹೇನು ಇದೆಯಾ ಅಂತಲೂ ನೋಡುತ್ತೇನೆ. ಜಂತಿನ ಔಷಧಿ ಇದೇ ಸಮಯದಲ್ಲಿ ಆಗಿಹೋಗಲಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮರಿಗೆ ಮೊದಲ ವಾರದಲ್ಲಿ ಲಸೋಟಾ ಲಸಿಕೆಯ ಹನಿ, ಎಂಟನೇ ವಾರದ ಸುಮಾರಿಗೆ ಆರ್‌ಟೂಬಿ ಲಸಿಕೆಯ ಚುಚ್ಚುಮದ್ದು ಆಗಿದೆಯಾ ಅಂತ ಮಾರುವವರನ್ನು ಕೇಳಿಯೇ ತನ್ನಿ. ಗೊತ್ತಿಲ್ಲ ಅಂದರೆ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ದಿನಾ ಮೇವು ಹಾಕುವಾಗ ಮೊದಲು ಹಳೇ ಗುಂಪು, ಆಮೇಲೆ ಹೊಸವು. ಕೈ ತೊಳೆಯದೆ, ಚಪ್ಪಲಿ ಬದಲಿಸದೆ ವಾಪಸ್ ಹಳೇ ಗೂಡಿಗೆ ಹೋಗುವುದಿಲ್ಲ.

ಇನ್ನು ವಯಸ್ಸು. ತೀರಾ ಎಳೆಯವನ್ನು ಬಿಡಬಾರದು. ಮೈ ಹೆಚ್ಚೂ ಕಡಿಮೆ ಹಳೇ ಹೇಂಟೆಗಳ ಸಮಕ್ಕೆ ಬರಬೇಕು, ನಾನು ಮೂರೂವರೆ ನಾಲ್ಕು ತಿಂಗಳವರೆಗೆ ಕಾಯುತ್ತೇನೆ. ಒಂಟಿಯಾಗಿ ಒಂದನ್ನೇ ಎಂದೂ ಬಿಡುವುದಿಲ್ಲ. ಮೂರೋ ನಾಲ್ಕೋ ಒಟ್ಟಿಗೆ ಹೋದರೆ ಏಟು ಹಂಚಿಹೋಗುತ್ತದೆ, ಜೊತೆಗೆ ನಿಲ್ಲಲು ಪರಿಚಯದ ಮುಖವೂ ಇರುತ್ತದೆ. ಜಡಿಮಳೆಯಲ್ಲೂ ಈ ಕೆಲಸ ಬೇಡ. ಒದ್ದೆ ನೆಲದಲ್ಲಿ ರಕ್ತಭೇದಿ ಬೇಗ ಹತ್ತುತ್ತದೆ. ಹಳೆಯವು ತಡೆದುಕೊಳ್ಳುತ್ತವೆ, ಎಳೆಯವಕ್ಕೆ ಕಷ್ಟ.

ನಮ್ಮತ್ತೆ ಇದನ್ನೆಲ್ಲ ನೋಡಿ ಅಂದರು, "ಇಷ್ಟೆಲ್ಲ ಯಾಕಮ್ಮ? ಕತ್ತಲಾದ್ಮೇಲೆ ಗೂಡೊಳಕ್ಕೆ ಬಿಟ್ಬಿಡು. ಬೆಳಗ್ಗೆ ಎದ್ದಾಗ ಅವಕ್ಕೆ ಗೊತ್ತೇ ಆಗಲ್ಲ." ಹಳ್ಳಿಯಲ್ಲಿ ಎಲ್ಲರೂ ಮಾಡುವುದು ಹೀಗೇ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆ ರಾತ್ರಿ ಜಗಳ ಇರುವುದಿಲ್ಲ, ಅದು ನಿಜ. ಆದರೆ ಬೆಳಕು ಹರಿದಾಗ ಗೊತ್ತಾಗದೆ ಇರುತ್ತದಾ? ಕೋಳಿಗಳು ತಮ್ಮ ಗುಂಪಿನ ಒಂದೊಂದರ ಮುಖ, ಜುಟ್ಟು ಚೆನ್ನಾಗಿ ಗುರುತಿಡುತ್ತವೆ. ಅತ್ತೆಯ ಉಪಾಯವನ್ನು ನಾನು ಬಿಟ್ಟಿಲ್ಲ, ಕೊನೆಯ ಹಂತಕ್ಕೆ ಇಟ್ಟುಕೊಂಡಿದ್ದೇನೆ.

ಅದಕ್ಕೆ ಮುಂಚೆ ಮೆಶ್, ಅಂದರೆ ತಂತಿ ಬಲೆ. ಹಳೇ ಗೂಡಿಗೆ ತಾಗಿಸಿಯೇ ಹಿತ್ತಲಿನ ಒಂದು ಭಾಗಕ್ಕೆ ಚಿಕನ್ ಮೆಶ್ ಕಟ್ಟಿ ಹೊಸವನ್ನು ಅಲ್ಲಿಟ್ಟೆ. ಒಂದನ್ನೊಂದು ನೋಡಬಹುದು, ಮುಟ್ಟುವ ಹಾಗಿಲ್ಲ. ಮೇವಿನ ತಟ್ಟೆಗಳನ್ನು ಮೆಶ್‌ನ ಎರಡೂ ಕಡೆ ಹತ್ತಿರ ಹತ್ತಿರ ಇಟ್ಟೆ, ಎದುರು ಬದುರು ನಿಂತು ತಿನ್ನಲಿ ಅಂತ. ಮೊದಮೊದಲು ಹಳೆಯವು ಮೆಶ್ ಉದ್ದಕ್ಕೂ ಕತ್ತಿನ ಪುಕ್ಕ ಕೆದರಿಕೊಂಡು ಓಡಾಡುತ್ತವೆ, ಸಂದಿಯಲ್ಲಿ ಕುಕ್ಕಲು ನೋಡುತ್ತವೆ. ದಿನ ಕಳೆದ ಹಾಗೆ ಅದು ಕಮ್ಮಿಯಾಗುತ್ತದೆ. ಬಿಸಿಲು ಹೊತ್ತಿನಲ್ಲಿ ಮೆಶ್‌ಗೆ ಒರಗಿ ಎರಡೂ ಕಡೆಯವು ಮಣ್ಣಿನಲ್ಲಿ ಹೊರಳಾಡುತ್ತ ಬಿದ್ದಿದ್ದರೆ ಹದ ಬಂತು ಅಂತ ಅರ್ಥ. ಇದಕ್ಕೆ ಎರಡು ವಾರವಾದರೂ ಕೊಡಿ. ಅವಸರ ಮಾಡಬೇಡಿ.

ಮೆಶ್ ತೆಗೆಯುವ ಮುಂಚೆ ಹಿತ್ತಲನ್ನು ಸ್ವಲ್ಪ ಬದಲಾಯಿಸುತ್ತೇನೆ. ತೆಂಗಿನ ಗರಿಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವ ಹಾಗೆ. ಎರಡೂ ಬಾಯಿ ತೆರೆದಿರುವುದು ಮುಖ್ಯ. ದಾರಿಯಿಲ್ಲದ ಮೂಲೆಗೆ ಹೊಕ್ಕ ಕೋಳಿಯನ್ನು ಹಳೆಯವು ಅಲ್ಲೇ ಅಮುಕಿ ತಲೆ ಕುಕ್ಕುತ್ತವೆ, ಅದಕ್ಕೇ ಅಂಥ ಮೂಲೆಗಳನ್ನು ಹಲಗೆ ಇಟ್ಟು ಮುಚ್ಚುತ್ತೇನೆ. ಮೇವು, ನೀರು ಎರಡೆರಡು ಕಡೆ, ಒಂದರಿಂದ ನಿಂತು ಇನ್ನೊಂದು ಕಾಣದ ಹಾಗೆ. ಗುಂಪಿನ ಯಜಮಾನಿ ಎರಡು ತಟ್ಟೆಯನ್ನು ಒಟ್ಟಿಗೆ ಕಾಯಲು ಆಗುವುದಿಲ್ಲವಲ್ಲ.

ಮೇವಿನ ವಿಷಯದಲ್ಲಿ ಒಂದು ಮಾತು. ಮೊಟ್ಟೆ ಇಡುವ ಕೋಳಿಗಳ ಲೇಯರ್ ಫೀಡ್‌ನಲ್ಲಿ ಸುಣ್ಣದ ಅಂಶ ಸುಮಾರು ಶೇ. 3.5ರಿಂದ 4 ಇರುತ್ತದೆ, ಬೆಳೆಯುವ ಕೋಳಿಯ ಗ್ರೋಯರ್ ಫೀಡ್‌ನಲ್ಲಿ ಶೇ. 1ರ ಆಸುಪಾಸು. ಎಳೆಯವು ದಿನಾ ಲೇಯರ್ ಫೀಡ್ ತಿಂದರೆ ಮೂತ್ರಪಿಂಡ ಕೆಡುತ್ತದೆ. ಒಂದೇ ಹಿತ್ತಲಿನಲ್ಲಿ ಇವಕ್ಕೆ ಬೇರೆ, ಅವಕ್ಕೆ ಬೇರೆ ಹಾಕುವುದು ಆಗದ ಕೆಲಸ. ಅದಕ್ಕೆ ಎಲ್ಲಕ್ಕೂ ಗ್ರೋಯರ್ ಫೀಡ್ ಹಾಕಿ, ಕಪ್ಪೆಚಿಪ್ಪಿನ ನುರುಕನ್ನು ಬೇರೆ ಬಟ್ಟಲಲ್ಲಿ ಇಡುತ್ತೇನೆ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ಹುಡುಕಿಕೊಂಡು ತಿನ್ನುತ್ತದೆ.

ಬಿಡುವ ದಿನ ಸಂಜೆ ಹೊತ್ತು ಆರಿಸಿಕೊಂಡೆ, ಗೂಡು ಸೇರಲು ಗಂಟೆ ಹೊತ್ತು ಇರುವಾಗ. ಸೊಪ್ಪಿನ ಕಂತೆ ಅಲ್ಲಲ್ಲಿ ನೇತುಹಾಕಿ, ಜೋಳ ದೂರದೂರಕ್ಕೆ ಎರಚಿ ಮೆಶ್ ಸರಿಸಿದೆ. ನಮ್ಮ ಗುಂಪಿನ ಯಜಮಾನಿ ಒಂದು ಕರಿ ನಾಟಿ. ನೇರ ಬಂದು ಒಂದು ಗಿರಿರಾಜದ ಎದುರು ನಿಂತಿತು, ಕತ್ತು ನೀಳ ಮಾಡಿ. ಕೊಡೆ ಬಿಚ್ಚಿದ ಹಾಗೆ ಕತ್ತಿನ ಪುಕ್ಕ ಅರಳಿತು. ಎರಡೂ ಎಗರಿದವು, ಎದೆಗೆ ಎದೆ ತಾಗಿತು, ಕರಿ ಕೋಳಿ ಜುಟ್ಟಿಗೆ ಬಲವಾಗಿ ಒಂದು ಕೊಟ್ಟಿತು. ಗಿರಿರಾಜ ತಲೆ ತಗ್ಗಿಸಿ ಮುಖ ಆಚೆ ತಿರುಗಿಸಿತು. ಅಷ್ಟೇ, ಮುಗಿಯಿತು. ಕರಿ ಕೋಳಿ ಎರಡು ಹೆಜ್ಜೆ ಅಟ್ಟಿ, ನೆಲ ಕೆದಕಲು ಶುರುಮಾಡಿತು. ಈ ಮುಖ ತಿರುಗಿಸುವುದನ್ನೇ ಕಾಯಬೇಕು. ಒಂದು ಸೋತೆ ಅಂದ ಮೇಲೆ ಇನ್ನೊಂದು ಬಿಟ್ಟರೆ ನಾವು ಕೈ ಹಾಕಬಾರದು. ನಡುವೆ ಹೋಗಿ ಬಿಡಿಸಿದರೆ ತೀರ್ಮಾನ ಆಗದೆ ನಾಳೆ ಮತ್ತೆ ಮೊದಲಿಂದ.

ರಕ್ತ ಬಂದರೆ ಮಾತ್ರ ಬೇರೆ. ಕೆಂಪು ಕಂಡರೆ ಉಳಿದವೂ ಬಂದು ಅಲ್ಲೇ ಕುಕ್ಕುತ್ತವೆ, ಕೂಡಲೇ ಆ ಕೋಳಿಯನ್ನು ತೆಗೆದು ಗಾಯ ತೊಳೆದು, ಅರಿಶಿನ ಹಚ್ಚಿ, ಒಣಗುವ ತನಕ ಮೆಶ್ ಹಿಂದೆ ಇಡಬೇಕು. ಸೋತದ್ದನ್ನೂ ಬಿಡದೆ ಅಟ್ಟಿಸಿಕೊಂಡು ಹೋಗುವ ಹಳೇ ಹೇಂಟೆ ಒಂದಿದ್ದರೆ ಏಟು ತಿಂದದ್ದನ್ನಲ್ಲ, ಅದನ್ನೇ ಹಿಡಿದು ನಾಲ್ಕು ದಿನ ಗುಂಪಿಗೆ ಕಾಣದ ಕಡೆ ಇಡಿ. ವಾಪಸ್ ಬರುವಾಗ ಅದೇ ಹೊಸದಾಗಿ ಬಂದ ಹಾಗಾಗುತ್ತದೆ, ಸೊಕ್ಕು ಇಳಿದಿರುತ್ತದೆ. ಹುಂಜ ಇದ್ದರೆ ಹೇಂಟೆಗಳ ನಡುವೆ ನುಗ್ಗಿ ಜಗಳ ಬಿಡಿಸುವುದೂ ಉಂಟು. ಆದರೆ ಎಳೆಯವುಗಳ ಬೆನ್ನು ಹತ್ತಲು ನೋಡಿದರೆ ಸ್ವಲ್ಪ ದಿನ ಅದನ್ನೂ ಬೇರೆ ಇಡಬೇಕು.

ಕತ್ತಲಾದ ಮೇಲೆ ಅತ್ತೆಯ ಉಪಾಯ. ಹೊರಗೆ ಮುದುರಿ ಕೂತಿದ್ದ ಹೊಸವನ್ನು ಒಂದೊಂದಾಗಿ ಎತ್ತಿ ಹಳೆಯವುಗಳ ಪಕ್ಕದಲ್ಲಿ ಗಳದ ಮೇಲೆ ಕೂರಿಸಿದೆ. ಗಳ ಎರಡು, ಎರಡೂ ಒಂದೇ ಎತ್ತರ. ಹೆಚ್ಚು ಕಮ್ಮಿ ಇದ್ದರೆ ಮೇಲಿನದಕ್ಕಾಗಿ ದಿನಾ ಸಂಜೆ ರಂಪ. ಒಂದೊಂದಕ್ಕೆ ಮುಕ್ಕಾಲು ಅಡಿ ಜಾಗ ಸಿಗಬೇಕು. ಮರುದಿನ ಬೆಳಕು ಹರಿಯುವ ಮುಂಚೆಯೇ ಎದ್ದು ಗೂಡಿನ ಬಾಗಿಲು ತೆಗೆಯಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ. ಮುಚ್ಚಿದ ಗೂಡಿನಲ್ಲಿ ಓಡಲು ಎಲ್ಲಿದೆ ಜಾಗ?

ಆ ದಿನಗಳಲ್ಲಿ ಪ್ರತಿ ಸಂಜೆ ಗೂಡು ಸೇರಿದ ಮೇಲೆ ಹೊಸ ಕೋಳಿಗಳ ಕತ್ತಿನ ಬುಡದಲ್ಲಿರುವ ಮೇವಿನ ಚೀಲ ಮುಟ್ಟಿ ನೋಡುತ್ತೇನೆ. ಬಲಗಡೆ ನಿಂಬೆಹಣ್ಣಿನಷ್ಟು ಗಟ್ಟಿಯಾಗಿ ತುಂಬಿದ್ದರೆ ತಿಂದಿದೆ. ಚಪ್ಪಟೆಯಾಗಿ ಸಡಿಲವಾಗಿದ್ದರೆ ಉಪವಾಸ. ಒಂದರದ್ದು ಎರಡು ಸಂಜೆ ಹಾಗೇ ಸಿಕ್ಕಿತು. ಹಗಲು ನೋಡಿದರೆ ಅದು ಗರಿಗಳ ಹಿಂದೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಅಲ್ಲೇ ಒಂದು ತಟ್ಟೆ ಮೇವು, ಒಂದು ಬಟ್ಟಲು ನೀರು ಇಟ್ಟೆ. ಚೀಲ ತುಂಬಿತು, ಆಮೇಲೆ ತಾನಾಗಿಯೇ ಆಚೆ ಬಂತು.

ಮೊಟ್ಟೆ ಬುಟ್ಟಿಗಳನ್ನು ಸಂಜೆ ಮುಚ್ಚಿಡಿ. ಗಳದ ಮೇಲೆ ಕೂರಲು ಹೆದರುವ ಹೊಸವು ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಐದೂವರೆ ಆರು ತಿಂಗಳಿಗೆ ಜುಟ್ಟು ಕೆಂಪೇರಿ, ಬೆನ್ನ ಮೇಲೆ ಕೈ ಇಟ್ಟರೆ ಕುಕ್ಕರು ಕೂರತೊಡಗಿದರೆ ಮೊಟ್ಟೆ ಹತ್ತಿರ ಬಂತು. ಆಗ ಒಂದು ಬುಟ್ಟಿ ಜಾಸ್ತಿ ಇಡುತ್ತೇನೆ, ಮೇವನ್ನು ಲೇಯರ್ ಫೀಡ್‌ಗೆ ಬದಲಿಸುತ್ತೇನೆ. ಬುಟ್ಟಿಗಾಗಿ ಆಗ ಮತ್ತೆ ಸ್ವಲ್ಪ ಕುಕ್ಕಾಟ ನಡೆಯುತ್ತದೆ, ಹಾಗಾಗಿ ಗರಿಗಳನ್ನೂ ಎರಡನೇ ಮೇವಿನ ತಟ್ಟೆಯನ್ನೂ ಅಲ್ಲಿಯವರೆಗೆ ತೆಗೆಯಬೇಡಿ.