ಕಾಲುಗುರು, ಆಣಿ, ಹಿಮ್ಮಡಿ: ಬ್ಲೇಡು ಕೈಗೆತ್ತಿಕೊಳ್ಳುವ ಮೊದಲು

ಬೆಂಗಳೂರಿನ ಮಳೆಗಾಲದಲ್ಲಿ ಬಸ್ ಸ್ಟಾಪಿಗೆ ನಡೆಯುವಷ್ಟರಲ್ಲೇ ಶೂ ನೆನೆಯುತ್ತದೆ, ಆಮೇಲೆ ಅದೇ ಒದ್ದೆ ಸಾಕ್ಸಿನಲ್ಲಿ ಸಂಜೆವರೆಗೂ ಆಫೀಸಿನಲ್ಲಿ ಕೂರುತ್ತೇವೆ, ಅಲ್ವಾ? ಸ್ವಲ್ಪ ದಿನಕ್ಕೆ ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಸುಲಿಯುತ್ತದೆ, ತುರಿಕೆ ಶುರುವಾಗುತ್ತದೆ. ಇದು ಸಾಮಾನ್ಯವಾಗಿ ಫಂಗಸ್. ಮಾರ್ಕೆಟಿನಲ್ಲಿ ದಿನವಿಡೀ ಒದ್ದೆ ನೆಲದ ಮೇಲೆ ನಿಲ್ಲುವವರಿಗೆ, ಪೌರಕಾರ್ಮಿಕರಿಗೆ ಈ ಕಾಟ ಇನ್ನೂ ಜಾಸ್ತಿ.

ಕಾಲು ತೊಳೆದು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ, ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್ ಕ್ರೀಮ್ ಹಚ್ಚಿ. ತುರಿಕೆ ನಿಂತ ದಿನವೇ ಬಿಡಬೇಡಿ, ಟ್ಯೂಬಿನ ಮೇಲೆ ಹೇಳಿದಷ್ಟು ದಿನ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ 'ತುರಿಕೆಗೆ ಏನಾದ್ರೂ ಕೊಡಿ' ಅಂತ ಕೇಳಿದರೆ ಎಷ್ಟೋ ಸಲ ಸ್ಟೆರಾಯ್ಡ್ ಬೆರೆತ ಮುಲಾಮು ಸಿಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತ ಬರೆದಿದ್ದರೆ, ಡಾಕ್ಟರ್ ಹೇಳದೆ ಅದನ್ನು ಹಚ್ಚಲೇಬೇಡಿ. ಎರಡು ದಿನದಲ್ಲಿ ತುರಿಕೆ ಮಾಯವಾಗುತ್ತದೆ, ಒಳಗೆ ಫಂಗಸ್ ಮಾತ್ರ ಹಬ್ಬುತ್ತಲೇ ಇರುತ್ತದೆ. ಆಮೇಲೆ ವಾಸಿ ಮಾಡುವುದು ಇನ್ನೂ ಕಷ್ಟ.

ಇದೇ ಫಂಗಸ್ ಉಗುರಿಗೂ ಹತ್ತುತ್ತದೆ. ಉಗುರು ಹಳದಿಯಾಗಿ, ದಪ್ಪಗಾಗಿ, ಅಂಚಿನಿಂದ ಪುಡಿಪುಡಿಯಾಗುತ್ತದೆ. ಆದರೆ ದಪ್ಪಗಾದ ಉಗುರೆಲ್ಲ ಫಂಗಸ್ ಅಲ್ಲ. ಬಿಗಿ ಶೂ ತಾಗಿ ತಾಗಿಯೂ ಹಾಗಾಗುತ್ತದೆ, ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಯಿಂದಲೂ ಆಗುತ್ತದೆ. ಹಾಗಾಗಿ ಉಗುರಿನ ಚೂರನ್ನು ಪರೀಕ್ಷೆಗೆ ಕೊಟ್ಟು, ಖಚಿತವಾದ ಮೇಲೆ ಮಾತ್ರೆ ಶುರು ಮಾಡುವುದು ಒಳ್ಳೆಯದು. ದೊಡ್ಡವರಿಗೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದರಂತೆ 12 ವಾರ ಕೊಡುತ್ತಾರೆ. ಇದು ಲಿವರ್‌ಗೆ ತೊಂದರೆ ಮಾಡಬಹುದು, ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸುತ್ತಾರೆ. ನೀವಾಗಿಯೇ ತಂದು ನುಂಗುವ ಮಾತ್ರೆ ಅಲ್ಲ. ಕೋರ್ಸ್ ಮುಗಿದರೂ ಉಗುರು ಹಾಗೇ ಇದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಕಾಲುಗುರು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್. ಹೆಬ್ಬೆರಳಿಗೆ ಪೂರ್ತಿ ಹೊಸ ಉಗುರು ಬರಲು 12ರಿಂದ 18 ತಿಂಗಳು ಹಿಡಿಯುತ್ತದೆ.

ಹೆಬ್ಬೆರಳ ಉಗುರು ಪಕ್ಕದ ಮಾಂಸದೊಳಗೆ ಚುಚ್ಚಿಕೊಂಡು ಬೆಳೆಯುವುದು ಇನ್ನೊಂದು ಗೋಳು. ಮೂಲೆಯನ್ನು ಆಳವಾಗಿ, ದುಂಡಗೆ ಕತ್ತರಿಸುವುದು ಮತ್ತು ಮುಂದೆ ಚೂಪಾದ ಶೂ, ಹೆಚ್ಚಾಗಿ ಇವೆರಡೇ ಕಾರಣ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಹಾಗೇ ಬಿಡಿ. ನೋವು ಈಗಷ್ಟೇ ಶುರುವಾಗಿದ್ದರೆ ದಿನಕ್ಕೆ ಎರಡು ಮೂರು ಸಲ, 10–15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಮೆತ್ತಗಾದ ಮೇಲೆ ಉಗುರಿನ ಅಂಚಿನ ಕೆಳಗೆ ಚೂರು ಶುದ್ಧ ಹತ್ತಿ ಸೇರಿಸಿ, ದಿನಾ ಬದಲಿಸಿ. ಮನೆಯಲ್ಲಿ ಬ್ಲೇಡು, ಪಿನ್ನು ಹಾಕಿ ಕೆದಕಬೇಡಿ, ಪಾರ್ಲರಿನ ಪೆಡಿಕ್ಯೂರಿನಲ್ಲೂ ಕೆದಕಲು ಬಿಡಬೇಡಿ. ಕೀವು ಬಂದಿದ್ದರೆ, ಉಗುರಿನ ಪಕ್ಕ ಕೆಂಪು ಮಾಂಸ ಉಬ್ಬಿದ್ದರೆ ಡಾಕ್ಟರಿಗೆ ತೋರಿಸಿ. ಬರೀ ಆ್ಯಂಟಿಬಯೋಟಿಕ್ ನುಂಗಿದರೆ ಊತ ಇಳಿದು ಮತ್ತೆ ಬರುತ್ತದೆ, ಯಾಕಂದರೆ ಚುಚ್ಚುತ್ತಿರುವ ಉಗುರು ಒಳಗೇ ಇದೆ. ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಆ ಬದಿಯ ಉಗುರಿನ ಪಟ್ಟಿಯನ್ನಷ್ಟೇ ತೆಗೆದು, ಮತ್ತೆ ಬೆಳೆಯದಂತೆ ಬುಡಕ್ಕೆ ಫಿನಾಲ್ ಎಂಬ ರಾಸಾಯನಿಕ ಹಚ್ಚುತ್ತಾರೆ. ಅವತ್ತೇ ಮನೆಗೆ ಹೋಗಬಹುದು. ಪೂರ್ತಿ ಉಗುರು ಕೀಳುವುದು ಬಹಳ ಮಂದಿಗೆ ಬೇಕಾಗುವುದೇ ಇಲ್ಲ, ಇದನ್ನು ಕೇಳಿ ತಿಳಿದುಕೊಳ್ಳಿ.

ಆಣಿಯೋ ನರೂಲಿಯೋ ಗೊತ್ತಾಗುವುದು ಹೇಗೆ? ನೇರವಾಗಿ ಒತ್ತಿದರೆ ನೋವಾದರೆ ಆಣಿ ಇರಬಹುದು. ಎರಡೂ ಬದಿಯಿಂದ ಚಿವುಟಿದರೆ ಜಾಸ್ತಿ ನೋವಾಗಿ, ಒಳಗೆ ಸಣ್ಣ ಕಪ್ಪು ಚುಕ್ಕಿ ಕಂಡರೆ ನರೂಲಿ. ಅದು ವೈರಸ್‌ನಿಂದ ಬರುವಂಥದ್ದು, ಹರಡುತ್ತದೆ. ಆಣಿ ಬರುವುದು ಒಂದೇ ಜಾಗಕ್ಕೆ ಒತ್ತಡ ಬಿದ್ದು. ಆದ್ದರಿಂದ ಚಪ್ಪಲಿ ಬದಲಾಯಿಸದೆ ಆಣಿ ತೆಗೆಸಿದರೆ ಅದು ಮತ್ತೆ ಬಂದೇ ಬರುತ್ತದೆ.

ಡಿಸೆಂಬರ್ ಚಳಿಗೆ ಹಿಮ್ಮಡಿ ಒಡೆದರೆ ರಾತ್ರಿ ಕಾಲು ತೊಳೆದು, ಯೂರಿಯಾ ಇರುವ ಕ್ರೀಮ್ ಅಥವಾ ವ್ಯಾಸಲಿನ್ ಹಚ್ಚಿ, ಸಾಕ್ಸ್ ಹಾಕಿ ಮಲಗಿ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿ, ಓಡಾಡಿದ ಮೇಲೆ ಕಡಿಮೆಯಾದರೆ ಅದು ಬೇರೆ ವಿಷಯ: ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹೋಗುವ ಅಂಗಾಲಿನ ಗಟ್ಟಿ ಪಟ್ಟಿಯ ನೋವು. ಎಕ್ಸ್‌ರೇಯಲ್ಲಿ 'ಎಲುಬು ಬೆಳೆದಿದೆ' ಅಂದರೆ ಗಾಬರಿಯಾಗಬೇಡಿ, ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ. ಮೀನಖಂಡ ಎಳೆಯುವ ವ್ಯಾಯಾಮ ದಿನಾ ಮಾಡಿ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡದೆ ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ.

ಶುಗರ್ ಇದ್ದವರು ಮೇಲಿನ ಮನೆಮದ್ದು ಯಾವುದನ್ನೂ ಡಾಕ್ಟರನ್ನು ಕೇಳದೆ ಮಾಡಬೇಡಿ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿನೀರು ಸುಟ್ಟರೂ ತಿಳಿಯುವುದಿಲ್ಲ, ಆಣಿಗೆ ಅಂಟಿಸಲು ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪ್ ಪಟ್ಟಿಯಲ್ಲಿರುವ ಆಸಿಡ್ ಹುಣ್ಣು ಮಾಡಿದರೂ ತಿಳಿಯುವುದಿಲ್ಲ. ಮಧ್ಯಾಹ್ನ ದೇವಸ್ಥಾನದಲ್ಲಿ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವಾಗ ದಪ್ಪ ಸಾಕ್ಸ್ ಹಾಕಿ. ರಾತ್ರಿ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದ ಅಜ್ಜಿ ತಾತನಿಗೆ ಮನೆಯವರು ನೋಡಿ. ಬೆರಳು ಕಪ್ಪಗಾದರೆ, ಕೀವು ಬಂದರೆ, ಕೆಂಪು ಮೇಲಕ್ಕೆ ಹಬ್ಬಿದರೆ, ಕಾಲಿನ ಹುಣ್ಣಿನ ಜೊತೆ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ದುಡ್ಡಿನ ಚಿಂತೆಗೆ ಮುಂದೂಡಬೇಡಿ, ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗವೂ ಇದೆ, ಸರ್ಜನ್‌ಗಳೂ ಇದ್ದಾರೆ. ವರ್ಷಕ್ಕೊಮ್ಮೆಯಾದರೂ ಶುಗರ್ ಡಾಕ್ಟರ ಮುಂದೆ ಚಪ್ಪಲಿ, ಸಾಕ್ಸ್ ಬಿಚ್ಚಿ, ಕಾಲಿನ ಸ್ಪರ್ಶ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ.