ಒಂದು ಅಂದ್ರೆ ಎಷ್ಟು?

ಕುಡಿತ ಇರುವ ಮನೆಯಲ್ಲಿ ಮನಸ್ಸಿನ ಕಾಯಿಲೆ ಎಷ್ಟಿದೆ, ಹೇಗಿದೆ ಎಂದು ತಿಳಿಯುವುದು ನನ್ನ ಕೆಲಸ. ಅದಕ್ಕಾಗಿ ಸಂಡೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದ್ದೇನೆ. ಮೊದಲ ವಾರ ಬರೆದುಕೊಂಡು ಬಂದದ್ದರಲ್ಲಿ ಮುಕ್ಕಾಲು ಪಾಲು ತಪ್ಪಿತ್ತು.

ನನ್ನ ಕೈಯಲ್ಲಿದ್ದದ್ದು ಕುಡಿತ ಎಷ್ಟಿದೆ ಎಂದು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪ್ರಶ್ನಾವಳಿ. ಹತ್ತು ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಜಾಸ್ತಿ ಬಂದರೆ ಕುಡಿತ ಹಾನಿಯ ಕಡೆ ಹೊರಟಿದೆ ಎಂದು ಲೆಕ್ಕ. ಅದಿರಿನ ಲಾರಿ ಓಡಿಸುವ ಒಬ್ಬ ಅಣ್ಣನನ್ನು ಕೇಳಿದೆ. "ದಿನಾ ಒಂದ ರೀ ಮೇಡಂ" ಅಂದರು. ಒಂದು ಎಂದೇ ಬರೆದೆ. ಮೊದಲ ಮೂರು ಪ್ರಶ್ನೆಗೆ ಬಂದದ್ದು 4 ಅಂಕ.

ಹೊರಗೆ ಬಂದ ಮೇಲೆ ಊರಿನ ಆಶಾ ಕಾರ್ಯಕರ್ತೆ ಅಕ್ಕ ಹೇಳಿದರು, "ಮೇಡಂ, ಒಂದು ಅಂದ್ರೆ ಒಂದು ಕ್ವಾರ್ಟರ್."

ಪ್ರಶ್ನಾವಳಿಯ 'ಒಂದು' ಅಂದರೆ 10 ಗ್ರಾಂ ಆಲ್ಕೋಹಾಲ್, ಹತ್ತಿರ ಹತ್ತಿರ 30 ಎಂ.ಎಲ್. ವಿಸ್ಕಿ. ಕ್ವಾರ್ಟರ್ 180 ಎಂ.ಎಲ್. ಅಂದರೆ ಆರು! ಅದೇ ಮೂರು ಪ್ರಶ್ನೆಗೆ ಮತ್ತೆ ಲೆಕ್ಕ ಹಾಕಿದಾಗ 4 ಇದ್ದದ್ದು 10 ಆಯಿತು. ಮಾರನೇ ದಿನದಿಂದ ನನ್ನ ಚೀಲದಲ್ಲಿ ಖಾಲಿ ನೈಂಟಿ ಪಾಕೀಟು, ಖಾಲಿ ಕ್ವಾರ್ಟರ್ ಬಾಟಲಿ ಸೇರಿಕೊಂಡವು. ಎದುರಿಗಿಟ್ಟು "ಯಾವುದು, ಎಷ್ಟು?" ಎಂದು ಕೇಳುತ್ತೇನೆ. ಜನ ಮೊದಲು ನಗುತ್ತಾರೆ, ಆಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಸಂಜೆ ಹೋಗುವುದನ್ನೂ ಬಿಟ್ಟೆ. ಕುಡಿದವರ ಒಪ್ಪಿಗೆ ಒಪ್ಪಿಗೆಯಲ್ಲ. ಗಂಡಸರಿಗೆ ಬೆಳಿಗ್ಗೆ ಆರು ಗಂಟೆಯೇ ಸರಿ.

ಹೆಣ್ಣುಮಕ್ಕಳ ಜೊತೆ ಬೇರೆಯೇ ದಾರಿ. ಮನೆಯೊಳಗೆ ಕೂತರೆ ಅತ್ತೆ, ಮೈದುನ, ಪಕ್ಕದ ಮನೆಯವರು ಎಲ್ಲರೂ ಬಂದು ಕೂರುತ್ತಾರೆ. ಅದಕ್ಕೆ ಅವರು ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ನಾನೂ ಪಕ್ಕದಲ್ಲಿ ಕೂತು ಬಿಡಿಸುತ್ತೇನೆ. ಖಿನ್ನತೆಗೆ ಬಳಸುವ ಪಿ.ಎಚ್.ಕ್ಯೂ-9ರಲ್ಲಿ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಇವೆ. 'ಖಿನ್ನತೆ' ಅಂದರೆ ಯಾರೂ ಬಾಯಿ ಬಿಡುವುದಿಲ್ಲ. "ನಿದ್ದಿ ಹತ್ತತೈತೇನಕ್ಕಾ? ಎದಿ ಭಾರ ಅನಿಸತೈತೇನು?" ಅಂದರೆ ಮಾತು ತಾನಾಗಿ ಬರುತ್ತದೆ. "ಅಂವ ಬರೋ ತನಕ ನಿದ್ದಿಲ್ಲ, ಬಂದ ಮ್ಯಾಲೆ ಹೆದರಿಕಿಗೆ ನಿದ್ದಿಲ್ಲ" ಎಂದರು ಒಬ್ಬ ಅಕ್ಕ. ಅವರ ಕೈ ಮಾತ್ರ ನಿಲ್ಲಲಿಲ್ಲ, ತೊಟ್ಟು ಬಿಡಿಸುತ್ತಲೇ ಇತ್ತು.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅದಕ್ಕೆ 'ಹೌದು' ಬಂದರೆ ಅಲ್ಲಿಗೆ ಸಂಶೋಧನೆ ನಿಂತಿತು. ಅವರನ್ನು ಒಂಟಿ ಬಿಡದೆ ಅವತ್ತೇ ವೈದ್ಯರ ಹತ್ತಿರ ಮುಟ್ಟಿಸಬೇಕು.

ಇನ್ನೊಂದು ವಿಷಯ ಹೇಳಲೇಬೇಕು. ಒಬ್ಬರು ನನ್ನ ಮಾತು ಕೇಳಿ "ಇವತ್ತಿಂದ ಮುಟ್ಟಂಗಿಲ್ಲ" ಅಂದರು. ನನಗೆ ಖುಷಿಯಾಯಿತು, ಬೆನ್ನು ತಟ್ಟಿ ಬಂದೆ. ಮಾರನೇ ರಾತ್ರಿ ಅವರಿಗೆ ಫಿಟ್ಸ್ ಬಂತು. ಹೆಂಡತಿ, ಮಕ್ಕಳು ಆಟೋದಲ್ಲಿ ಆಸ್ಪತ್ರೆಗೆ ಹೊತ್ತೊಯ್ದರು. ಜೀವ ಉಳಿಯಿತು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದೊಳಗೆ ಜ್ವರ, ಬಡಬಡಿಕೆ, ಇಲ್ಲದ್ದು ಕಾಣುವುದು ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಇದು ನನಗೆ ಗೊತ್ತಿತ್ತು. ಹೇಳಲಿಲ್ಲ. ಆ ತಪ್ಪು ಪೂರ್ತಿ ನನ್ನದೇ.

ಈಗ ಮೊದಲು ಕೇಳುವುದೇ "ಬೆಳಿಗ್ಗೆ ಎದ್ದಾಗ ಕೈ ನಡುಗ್ತಾವಾ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?" ಎಂದು. ಹೌದು ಅಂದರೆ, ಬಿಡಿ, ಆದರೆ ಡಾಕ್ಟರ ಕಣ್ಣೆದುರಿಗೇ ಬಿಡಿ ಎನ್ನುತ್ತೇನೆ. ನಡುಕ ಇಳಿಸುವ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟು ನೋಡಿಕೊಳ್ಳುತ್ತಾರೆ.

ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆಗೆ ದಾರಿ ತೋರಿಸಿದ್ದು ನಮ್ಮ ಬಳ್ಳಾರಿಯೇ ಅಲ್ವಾ? 1985ರಲ್ಲಿ ನಿಮ್ಹಾನ್ಸ್‌ನವರು ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮನಸ್ಸಿನ ಕಾಯಿಲೆ ನೋಡುವುದನ್ನು ಕಲಿಸಿದರು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇದನ್ನು ಹೇಳಿದರೆ ಹಳ್ಳಿಯವರಿಗೂ ಧೈರ್ಯ ಬರುತ್ತದೆ.

ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರ್ ಮೇಲೆ 14416 ಎಂದು ದೊಡ್ಡದಾಗಿ ಬರೆಯುತ್ತೇನೆ. ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್ ನಂಬರ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ಓದು ಬಾರದ ಅಕ್ಕಂದಿರ ಫೋನಿನಲ್ಲಿ ನಾನೇ ಸೇವ್ ಮಾಡಿ, ಒಂದು ಸಲ ಅವರ ಕೈಯಿಂದಲೇ ಒತ್ತಿಸಿ ನೋಡುತ್ತೇನೆ.