ಲಾಟ್ ಕಣಿವೆಗೆ ಸೈಕಲ್ ಪ್ರವಾಸ: ಹೋಗೋದು ಸುಲಭ, ವಾಪಸ್ ಬರೋದನ್ನ ಮೊದಲು ನೋಡಿಕೊಳ್ಳಿ

ಬೇಸಿಗೆ ಬಂತೆಂದರೆ ಫ್ರಾನ್ಸಿನ ಟುಲೂಸ್ ಕನ್ನಡಿಗರಿಗೆ ಸೈಕಲ್ ಹುಚ್ಚು ಹತ್ತುತ್ತದೆ. ಏರ್‌ಬಸ್ ಕೆಲಸಕ್ಕೆ ಬೆಂಗಳೂರಿನಿಂದ ಬಂದವರು ಮೊದಲ ವರ್ಷ ಕನಾಲ್ ದ್ಯು ಮಿದಿ ಕಾಲುವೆಯ ದಂಡೆಯ ಮೇಲೆ ಓಡಿಸಿ ಧೈರ್ಯ ತಂದುಕೊಳ್ಳುತ್ತಾರೆ, ಎರಡನೇ ವರ್ಷ ಲಾಟ್ ನದಿ ಕಣಿವೆಗೆ ಹೋಗೋಣ ಅಂತಾರೆ. ಒಳ್ಳೆಯದೇ. ಬಲಗಡೆ ಓಡಿಸಿ, ಸನ್‌ಸ್ಕ್ರೀನ್ ಹಚ್ಚಿ, ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತೆಲ್ಲ ನಾನು ಹೇಳಲ್ಲ, ಆರು ತಿಂಗಳು ಇಲ್ಲಿದ್ದವರಿಗೆ ಅವೆಲ್ಲ ಗೊತ್ತು. ಗೊತ್ತಿಲ್ಲದೆ ಪ್ರತಿ ಸಲ ಯಾರಾದರೊಬ್ಬರು ಸಿಕ್ಕಿಹಾಕಿಕೊಳ್ಳೋದು ರೈಲು-ಬಸ್ಸಿನ ವಿಷಯದಲ್ಲಿ.

ಮೊದಲು ದಾರಿ. ಕಾವೋರ್ ಊರಿನಿಂದ ಶುರು ಮಾಡಿ, ನದಿಗೆ ಎದುರಾಗಿ ಮೇಲಕ್ಕೆ ಹೋಗಿ ಫಿಜಾಕ್ ಮುಟ್ಟೋದು ಎಲ್ಲರಿಗೂ ಇಷ್ಟವಾಗುವ ದಾರಿ. ಕಣಿವೆಯುದ್ದಕ್ಕೂ ವಿ 86 ಅನ್ನೋ ಸೈಕಲ್ ಮಾರ್ಗ ಇದೆ, ಬಿಳಿ ಹಲಗೆ ಮೇಲೆ ಹಸಿರು ಗುರುತು. ಆದರೆ ಕಾವೋರ್‌ನ ಎರಡೂ ಕಡೆ ಅದು ಬಹುಪಾಲು ಹಳ್ಳಿ ರಸ್ತೆಯೇ ಹೊರತು ಸೈಕಲ್‌ಗೇ ಅಂತ ಮಾಡಿದ ದಾರಿ ಅಲ್ಲ. ಮಕ್ಕಳನ್ನ ಕರೆದುಕೊಂಡು ಹೋಗುವವರು ಇದನ್ನ ತಲೆಯಲ್ಲಿ ಇಟ್ಟುಕೊಳ್ಳಿ. ನದಿ ಪಕ್ಕದ ದಾರಿ ಅಂದರೆ ಸಮತಟ್ಟು ಅಂತಲೂ ಅಂದುಕೊಳ್ಳಬೇಡಿ. ಸುಣ್ಣಕಲ್ಲಿನ ಬಂಡೆ ನೇರ ನೀರಿಗೇ ಇಳಿದಿರುವ ಕಡೆ ರಸ್ತೆ ಮೇಲಕ್ಕೆ ಹತ್ತದೆ ಬೇರೆ ಗತಿ ಇಲ್ಲ. ಸ್ಯಾಂ ಸಿರ್ ಲಾಪೊಪಿ ಹಳ್ಳಿಯಂತೂ ನದಿಯಿಂದ ನೂರು ಮೀಟರ್ ಮೇಲೆ ಬಂಡೆಗೆ ಅಂಟಿಕೊಂಡಿದೆ, ಚೀಲ ಹೇರಿದ ಸೈಕಲ್‌ನಲ್ಲಿ ಆ ಏರು ಹತ್ತುವವರ ಮುಖ ನೋಡಬೇಕು ನೀವು. ಸೈಕಲ್ ಕೆಳಗೆ ಬೀಗ ಹಾಕಿ ನಡೆದು ಹತ್ತಿ, ಸಾಕು.

ನನ್ನ ಕೇಳಿದರೆ, ಕಾವೋರ್‌ನಿಂದ ಹೊರಟು ಕೋಂದುಶೆ ಹತ್ತಿರ ಲಾಟ್ ನದಿಯನ್ನ ಬಿಟ್ಟು ಅದರ ಉಪನದಿ ಸೆಲೆಯ ಕಣಿವೆಗೆ ತಿರುಗಿ. ದೊಡ್ಡ ರಸ್ತೆ ಡಿ 662ರಲ್ಲಿ ಬೇಸಿಗೆಯಲ್ಲಿ ಕ್ಯಾಂಪಿಂಗ್ ವ್ಯಾನ್‌ಗಳದ್ದೇ ದರ್ಬಾರು. ಸೆಲೆ ಪಕ್ಕದ ಡಿ 41 ಚಿಕ್ಕ ರಸ್ತೆ, ಗಾಡಿಗಳೂ ಕಡಿಮೆ. ಕಾಬ್ರರೆ ಹತ್ತಿರ ಪೆಶ್ ಮೆರ್ಲ್ ಗುಹೆ ಇದೆ, ಆದಿಮಾನವ ಬರೆದ ಚುಕ್ಕೆ ಕುದುರೆಗಳು ಅದರೊಳಗಿವೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದರಿಂದ ಟಿಕೆಟ್ ಮೊದಲೇ ಮಾಡಿಸಿ. ಅಲ್ಲಿಂದ ಮಾರ್ಸಿಯಾಕ್ ಮೇಲೆ ಹಾದು ಫಿಜಾಕ್. ಎರಡು ದಿನಕ್ಕೆ ಆರಾಮಾಗಿ ಆಗುತ್ತದೆ.

ಈಗ ಅಸಲಿ ವಿಷಯಕ್ಕೆ ಬರೋಣ.

ಹೋದ ವರ್ಷ ಹೊಸದಾಗಿ ಬಂದ ಎರಡು ಜೋಡಿ ಒಂದು ಪ್ಲ್ಯಾನ್ ಹಾಕಿದರು. ಒಂದು ಜೋಡಿಗೆ ಕಾರಿತ್ತು, ಅವರು ಕಾವೋರ್‌ಗೆ ಬಂದು ಅದನ್ನ ನಿಲ್ಲಿಸೋದು, ಇನ್ನೊಂದು ಜೋಡಿ ರೈಲಿನಲ್ಲಿ ಬಂದು ಸೇರೋದು. ಸೈಕಲ್ ಅಲ್ಲೇ ಬಾಡಿಗೆಗೆ ತಗೊಂಡು ಫಿಜಾಕ್‌ವರೆಗೆ ತುಳಿಯೋದು, ಅಲ್ಲಿಂದ ರೈಲಿನಲ್ಲಿ ಕಾವೋರ್‌ಗೆ ವಾಪಸ್. ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆ್ಯಪ್‌ನಲ್ಲಿ ಫಿಜಾಕ್‌ನಿಂದ ಕಾವೋರ್‌ಗೆ ಹುಡುಕಿದರು, ಸಮಯ ತೋರಿಸಿತು, ದುಡ್ಡು ಕಟ್ಟಿದರು, ಟಿಕೆಟ್ ಬಂತು. ಭಾನುವಾರ ಸಂಜೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಾಲ್ಕೂ ಜನ ಸೈಕಲ್ ಹಿಡಿದು ನಿಂತಿದ್ದಾರೆ, ಸಮಯ ಹತ್ತಿರ ಬಂದರೂ ರೈಲಿನ ಸದ್ದಿಲ್ಲ. ಹೊರಗೆ ಬಂದು ನೋಡಿದರೆ ಸ್ಟೇಷನ್ ಮುಂದೆ ಒಂದು ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿದೆ. ಅವರ "ರೈಲು" ಅದೇ! ಲಾಟ್ ಪಕ್ಕದ ಆ ಲೈನ್‌ನಲ್ಲಿ ಪ್ಯಾಸೆಂಜರ್ ರೈಲು ನಿಂತು ದಶಕಗಳೇ ಆಗಿವೆ. ದಾರಿಯಲ್ಲಿ ಪೊದೆ ನಡುವೆ ತುಕ್ಕು ಹಿಡಿದ ಹಳಿ ಇವರೇ ಕಣ್ಣಾರೆ ನೋಡಿದ್ದರು, ಫೋಟೋ ಬೇರೆ ತೆಗೆದಿದ್ದರು. ಅದೇ ತಮ್ಮ ರೈಲಿನ ಹಳಿ ಅಂತ ಹೊಳೆದಿರಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ನಾಲ್ಕು ಸೈಕಲ್‌ಗೆ ಜಾಗ ಎಲ್ಲಿಂದ ಬರಬೇಕು? ಕೊನೆಗೆ ಇಬ್ಬರು ಬಸ್ಸಿನಲ್ಲಿ ಹೋಗಿ ಕಾರು ತಂದರು, ಒಂದು ಸಲದ ದಾರಿಯೇ ಗಂಟೆಗಿಂತ ಜಾಸ್ತಿ. ಆ ಕಾರಿಗೆ ಸೈಕಲ್ ಸ್ಟ್ಯಾಂಡೂ ಇರಲಿಲ್ಲ. ಚಕ್ರ ಬಿಚ್ಚಿ ಎರಡು ತುರುಕಿದರು, ಇನ್ನೆರಡಕ್ಕೆ ಮಾರನೇ ದಿನ ಮತ್ತೊಂದು ಟ್ರಿಪ್. ರಾತ್ರಿ ಹೋಟೆಲು, ಸೋಮವಾರ ರಜೆ, ಬಾಡಿಗೆ ಸೈಕಲ್‌ಗೆ ಒಂದು ದಿನದ ದುಡ್ಡು ಜಾಸ್ತಿ, ಎಲ್ಲ ದಂಡ.

ಇದರಲ್ಲಿ ಮೋಸ ಏನೂ ಇಲ್ಲ. ಇಲ್ಲಿಯ ಪದ್ಧತಿಯೇ ಹೀಗೆ: ಹಳ್ಳಿ ಕಡೆ ರೈಲು ನಿಂತ ಮೇಲೆ ಅದರ ಜಾಗಕ್ಕೆ ಬಸ್ಸು ಬರುತ್ತದೆ, ರೈಲಿನ ವೇಳಾಪಟ್ಟಿಯಲ್ಲೇ ಅದೂ ಸೇರಿಕೊಂಡಿರುತ್ತದೆ, ಟಿಕೆಟ್ಟೂ ಅದೇ ಆ್ಯಪ್‌ನಲ್ಲಿ. ಪ್ರಯಾಣದ ವಿವರ ಒತ್ತಿ ನೋಡಿದರೆ ಮೂಲೆಯಲ್ಲಿ ಬಸ್ಸಿನ ಪುಟ್ಟ ಚಿತ್ರ ಅಥವಾ "ಆಟೋಕಾರ್" (ಅಂದರೆ ಬಸ್ಸು) ಅಂತ ಇರುತ್ತದೆ. ಅದು ಕಂಡರೆ ಸೈಕಲ್ ಹತ್ತಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ. ಯಾರೋ ಒಬ್ಬ ಡ್ರೈವರ್ ಕರುಣೆಯಿಂದ ಹಾಕಿಕೊಂಡ ಕಥೆ ಕೇಳಿರಬಹುದು, ಅದನ್ನ ನಂಬಿಕೊಂಡು ಹೋಗಬೇಡಿ. ನನಗಂತೂ ಇದೊಂದು ವಿಷಯದಲ್ಲಿ ನಮ್ಮ ಹಳೇ ಕೆಂಪು ಬಸ್ಸೇ ವಾಸಿ ಅನ್ನಿಸುತ್ತದೆ. ಕಂಡಕ್ಟರ್ ಗೊಣಗಿಕೊಂಡೇ ಲಗೇಜ್ ಚೀಟಿ ಹರಿದು ಸೈಕಲ್ಲನ್ನ ಟಾಪ್ ಮೇಲೆ ಹಾಕಿಸುತ್ತಿದ್ದ, ಆಮೇಲೆ ಕೋಳಿ ಬುಟ್ಟಿ, ಬಾಳೆಗೊನೆ ಜೊತೆ ಅದೂ ಊರು ಸೇರುತ್ತಿತ್ತು.

ಪರಿಹಾರ ಸುಲಭ. ಕಾರು ಮನೇಲೇ ಬಿಡಿ. ಟುಲೂಸ್‌ನಿಂದಲೇ ಸೈಕಲ್ ಜೊತೆ ಕಾವೋರ್‌ಗೆ ರೈಲು, ಅಲ್ಲಿಂದ ಫಿಜಾಕ್‌ವರೆಗೆ ಸೈಕಲ್, ಫಿಜಾಕ್‌ನಿಂದ ಟುಲೂಸ್‌ಗೆ ಇನ್ನೊಂದು ಲೈನ್‌ನಲ್ಲಿ ನೇರ ರೈಲು. ಕಾವೋರ್‌ಗೆ ವಾಪಸ್ ಬರೋ ಗೋಜೇ ಇಲ್ಲ. ಆದರೆ ಫಿಜಾಕ್ ಲೈನ್‌ನಲ್ಲೂ ನೀವು ಹಿಡಿಯೋ ಗಾಡಿ ರೈಲೇನಾ ಅಂತ ಒಂದೊಂದನ್ನೂ ತೆಗೆದು ನೋಡಿ. ಹಳಿ ರಿಪೇರಿ ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ಮುಷ್ಕರ ಇದ್ದರೆ ಯಾವ ರೈಲು ಓಡುತ್ತೆ ಅನ್ನೋದು ಗಟ್ಟಿಯಾಗೋದು ಹಿಂದಿನ ದಿನ ಸಂಜೆ 5ರ ಹೊತ್ತಿಗೆ. ಆಗ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನೊಂದು ಚಿಕ್ಕ ಗುಂಡಿ ಇದೆ. ಟುಲೂಸ್-ಕಾವೋರ್ ನಡುವೆ ಒಂದೇ ಹಳಿ ಮೇಲೆ ಎರಡು ಜಾತಿ ರೈಲು ಓಡುತ್ತವೆ. ಟೆರ್ ಅನ್ನೋದು ಲೋಕಲ್ ರೈಲು. ಪ್ಯಾರಿಸ್‌ವರೆಗೆ ಹೋಗೋ ಇಂಟರ್‌ಸಿಟೆಯಲ್ಲಿ ಸೈಕಲ್‌ಗೆ ಬೇರೆ ರಿಸರ್ವೇಶನ್ ಬೇಕು, ಅದಕ್ಕೆ ದುಡ್ಡೂ ಬೇರೆ. ನಿಮಗೆ ಸೀಟು ಇದೆ ಅಂದ ಮಾತ್ರಕ್ಕೆ ಸೈಕಲ್‌ಗೆ ಜಾಗ ಇದೆ ಅಂತಲ್ಲ, ಹಾಗಾಗಿ ಹುಡುಕುವಾಗಲೇ ಸೈಕಲ್ ಸೇರಿಸಿ ಹುಡುಕಿ. ಟೆರ್‌ನಲ್ಲಿ ಮೊದಲು ಬಂದವರಿಗೆ ಮೊದಲ ಜಾಗ ಅನ್ನೋದು ಸಾಮಾನ್ಯ, ಆದರೆ ಬೇಸಿಗೆಯಲ್ಲಿ ಕೆಲವು ಪ್ರದೇಶಗಳಲ್ಲಿ ಅದಕ್ಕೂ ರಿಸರ್ವೇಶನ್ ಮಾಡಿಸಬೇಕು. ಕೆಲವು ಬೋಗಿಗಳಲ್ಲಿ ಮುಂದಿನ ಚಕ್ರವನ್ನ ಮೇಲಿನ ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನ ನೇತುಹಾಕಬೇಕು. ಚೀಲಗಳ ಸಮೇತ ಎತ್ತೋದಕ್ಕೆ ಆಗಲ್ಲ, ಪ್ಲಾಟ್‌ಫಾರಂನಲ್ಲೇ ಬಿಚ್ಚಿಟ್ಟುಕೊಳ್ಳಿ. ಎಲೆಕ್ಟ್ರಿಕ್ ಸೈಕಲ್ ಇದ್ದವರು ಬ್ಯಾಟರಿಯನ್ನೂ ತೆಗೆದು ಎತ್ತಿ, ಇಲ್ಲದಿದ್ದರೆ ಸೊಂಟ ಹೋಗುತ್ತೆ.

ರಸ್ತೆ ನಿಯಮದಲ್ಲಿ ನಮ್ಮವರು ಮರೆಯೋದು ಎರಡು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಿಸಿದರೆ 135 ಯೂರೋ ದಂಡ. ಇನ್ನೊಂದು, ಇದು ಮಾಲ್ಬೆಕ್ ವೈನ್ ಸೀಮೆ, ದ್ರಾಕ್ಷಿ ತೋಟದವರು ರುಚಿ ನೋಡಿ ಅಂತ ಕೊಡುತ್ತಲೇ ಇರುತ್ತಾರೆ. ರಕ್ತದಲ್ಲಿ ಲೀಟರ್‌ಗೆ 0.5 ಗ್ರಾಂ ಅನ್ನೋ ಮಿತಿ ಸೈಕಲ್‌ಗೂ ಅನ್ವಯಿಸುತ್ತದೆ. ಹಾಗಂತ ಹೊಗಳಬೇಕಾದ್ದೂ ಇದೆ: ಊರ ಹೊರಗೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ಬಿಡಬೇಕು ಅನ್ನೋದು ಕಾನೂನು, ಹೆಚ್ಚಿನವರು ಬಿಡುತ್ತಾರೆ ಕೂಡ. ಮೈಸೂರು ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಇದರ ಬೆಲೆ ಗೊತ್ತು.

ಸಸ್ಯಾಹಾರಿಗಳಿಗೆ ಎಚ್ಚರಿಕೆ. ಇದು ಬಾತುಕೋಳಿ ಸೀಮೆ. ಸಲಾಡ್ ಕೇಳಿದರೆ ಅದರ ಮೇಲೆ ಬಾತುಕೋಳಿಯದೇ ತುಂಡುಗಳು ಬರುತ್ತವೆ. ಆಲೂಗಡ್ಡೆ ತಾನೇ ಅಂತ ನೆಮ್ಮದಿಯಾಗಿ ತಿನ್ನೋಕೆ ಹೋಗಬೇಡಿ, ಅದನ್ನ ಹುರಿಯೋದೂ ಬಾತುಕೋಳಿ ಕೊಬ್ಬಿನಲ್ಲೇ. ಮಧ್ಯಾಹ್ನ 2 ಗಂಟೆ ಆದ ಮೇಲೆ ಹಳ್ಳಿ ಹೋಟೆಲ್‌ನಲ್ಲಿ ಅಡುಗೆಮನೆ ಮುಚ್ಚುತ್ತದೆ, ಸೋಮವಾರ ಬ್ರೆಡ್ ಅಂಗಡಿಯೂ ಮುಚ್ಚಿರಬಹುದು. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ. ಶನಿವಾರ ಹೊರಡುವವರು ಕಾವೋರ್‌ನಲ್ಲಿ ಇಳಿದ ಕೂಡಲೇ ಕತೀಡ್ರಲ್ ಮುಂದಿನ ಸಂತೆಗೆ ಹೋಗಿ. ಬುಧವಾರವೂ ಇರುತ್ತದೆ, ಆದರೆ ಎರಡೂ ದಿನ ಬೆಳಗ್ಗೆ ಮಾತ್ರ. ಹಣ್ಣು, ಬ್ರೆಡ್, ಆ ಕಡೆಯ ಪುಟ್ಟ ಆಡಿನ ಹಾಲಿನ ಚೀಸ್ ತಗೊಂಡರೆ ಆ ದಿನದ ಚಿಂತೆ ಮುಗಿಯಿತು. ಚೀಸ್ ಹೆಪ್ಪು ಹಾಕೋಕೆ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಅದನ್ನ ಬಿಟ್ಟುಬಿಡಿ.

ನೀರು ಖಾಲಿಯಾಗಿ ಅಂಗಡಿಯೂ ಇಲ್ಲದಿದ್ದರೆ ಊರಾಚೆಯ ಸ್ಮಶಾನ ಹುಡುಕಿ. ಹೂಗಿಡಕ್ಕೆ ಅಂತ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ, ಸೈಕಲ್ ಸವಾರರು ಬಾಟಲಿ ತುಂಬಿಸಿಕೊಳ್ಳೋದನ್ನ ಯಾರೂ ತಪ್ಪು ತಿಳಿಯಲ್ಲ. "ನೋ ಪೊತಾಬ್ಲ್" ಅಂತ ಫಲಕ ಇದ್ದರೆ ಮಾತ್ರ ಆ ನೀರು ಕುಡಿಯಬೇಡಿ, ತಲೆಗೆ ಸುರಿದುಕೊಳ್ಳಿ.